ಸುಮ್ಮನೆ ಕುಳಿತ ಧ್ವನಿವರ್ಧಕ

ಮನೆಯಲ್ಲಿ ತಂಬೂರಿ ಇದ್ದವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತದೆ. ಎರಡು ತಂಬೂರಿಗಳನ್ನು ಒಂದೇ ಶ್ರುತಿಗೆ ಕೂಡಿಸಿ, ಒಂದನ್ನು ಗೋಡೆಗೆ ಆನಿಸಿಟ್ಟು ಇನ್ನೊಂದನ್ನು ಮೀಟಿದರೆ, ಯಾರೂ ಮುಟ್ಟದ ಆ ಮೊದಲನೆಯದೂ ಮೆಲ್ಲನೆ ನುಡಿಯತೊಡಗುತ್ತದೆ. ಮೀಟಿದ ತಂತಿಯನ್ನು ಬೆರಳಿನಿಂದ ಹಿಡಿದು ನಿಲ್ಲಿಸಿದರೂ ಗೋಡೆಗೆ ಒರಗಿದ ತಂಬೂರಿಯ ನಾದ ಒಂದು ಕ್ಷಣ ಉಳಿದಿರುತ್ತದೆ. ಸಿತಾರದಲ್ಲಿ ಬಾರಿಸುವ ತಂತಿಗಳ ಕೆಳಗೆ ತರಬಿನ ತಂತಿಗಳನ್ನು ಕಟ್ಟುವುದೂ ಇದಕ್ಕಾಗಿಯೇ. ಬಾರಿಸುವವನ ಬೆರಳು ಸಾಮಾನ್ಯವಾಗಿ ಅವುಗಳ ಮೇಲೆ ಆಡುವುದಿಲ್ಲ. ಮೇಲಿನ ತಂತಿ ನುಡಿದಾಗ ತಮ್ಮ ತಮ್ಮ ಸ್ವರಕ್ಕೆ ಅವು ತಾವಾಗಿಯೇ ಓಗೊಡುತ್ತವೆ.

ಇಂದು ನಾನು ಹೇಳಬೇಕೆಂದಿರುವುದು ತಂಬೂರಿಯ ವಿಷಯವಲ್ಲ, ಧ್ವನಿವರ್ಧಕದ ವಿಷಯ. ಅದರಲ್ಲಿಯೂ ಹಾಡುತ್ತಿರುವ ಧ್ವನಿವರ್ಧಕದ ವಿಷಯವಲ್ಲ. ಅದರ ಪಕ್ಕದಲ್ಲಿ ತಂತಿ ಜೋಡಿಸದೆ, ವಿದ್ಯುತ್ತಿನ ಸಂಬಂಧವಿಲ್ಲದೆ, ಸುಮ್ಮನೆ ಕುಳಿತ ಇನ್ನೊಂದು ಧ್ವನಿವರ್ಧಕದ ವಿಷಯ. ಹೀಗೆ ಸುಮ್ಮನೆ ಕುಳಿತದ್ದು ಕೋಣೆಯಲ್ಲಿಯ ಮಂದ್ರ ಧ್ವನಿಯನ್ನು ಬದಲಿಸಬಲ್ಲುದೆ? ಬದಲಿಸಿದರೆ ಎಷ್ಟು? ಕನ್ನಡ ಕಲಿಸುವ ಮಾಸ್ತರನಿಗೆ ಈ ಗೊಡವೆ ಏಕೆ ಬೇಕಾಯಿತೆಂದು ನೀವು ಕೇಳಬಹುದು. ಅದಕ್ಕೆ ಕಾರಣವಿದೆ. ಒಬ್ಬ ಕೆಲಸಗಾರನ ಕೂಲಿಯ ವಿಷಯದಲ್ಲಿ ನಾನು ಅವಸರದ ತೀರ್ಪು ಕೊಟ್ಟೆ. ಆ ತೀರ್ಪನ್ನು ತಿದ್ದಿಕೊಳ್ಳಲು ಹೋಗಿ ಇಷ್ಟನ್ನು ಕಲಿಯಬೇಕಾಯಿತು.

ಬೈಲಹೊಂಗಲ ತಾಲೂಕಿನ ನಮ್ಮ ದೊಡವಾಡದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೈಕ್ ಸೆಟ್ಟು ಬಾಡಿಗೆಗೆ ಕೊಡುವ ಉದ್ಯೋಗ ಮಾಡುತ್ತಾನೆ. ಜಾತ್ರೆ, ಮದುವೆ, ನಾಟಕ, ಗಣಪತಿ ಹಬ್ಬ ಇವೇ ಅವನ ಸುಗ್ಗಿಯ ಕಾಲ. ಒಂದು ಸಲ ಅವನ ಎರಡು ದೊಡ್ಡ ಧ್ವನಿವರ್ಧಕಗಳ ಕಾಗದದ ಕೋನು ಹರಿದುಹೋದವು. ನೆರೆಯೂರಿನ ಒಬ್ಬ ರಿಪೇರಿಯವನ ಕಡೆಗೆ ಕೊಟ್ಟು ಹೊಸ ಕೋನು ಹಾಕಿಸಿದ. ರಿಪೇರಿಯವನು ಬಸ್ಸಿನಲ್ಲಿ ಅವುಗಳನ್ನು ತಂದು ಪೆಟ್ಟಿಗೆಯಲ್ಲಿ ಕೂಡಿಸಿ, ಗೋದಾಮಿನಲ್ಲಿಯೇ ಹಚ್ಚಿ ತೋರಿಸಿದ. ಮಾಲಿಕನಿಗೆ ಮನಸ್ಸಿಗೆ ಬರಲಿಲ್ಲ.

“ಮೊದಲ ಹೀಂಗ ಇರಲಿಲ್ರಿ ಮಾಸ್ತರ. ಡಗ್ಗಾ ಬಾರಿಸಿದ್ರ ಎದಿಗೆ ಬಡೀತಿತ್ತು. ಈಗ ಆ ಗುಂ ಅನ್ನೂದ ಹೋಗೈತ್ರಿ” ಎಂದು ನನ್ನನ್ನು ಕರೆಯಿಸಿ ಹೇಳಿದ.

ರಿಪೇರಿಯವನು, “ನನ್ನ ಅಂಗಡ್ಯಾಗ ಚಲೋ ನುಡೀತಿತ್ರಿ. ಇಲ್ಲಿ ಬಂದ ಮ್ಯಾಲ ಏನಾತೋ ತಿಳೀವಲ್ದು” ಎಂದ.

ನಾನೂ ಕೇಳಿದೆ. ಡಗ್ಗಾದ ಧ್ವನಿಯಲ್ಲಿ ತುಂಬು ಇರಲಿಲ್ಲವೆಂಬುದು ನಿಜವಾಗಿತ್ತು. ಊರಿನಲ್ಲಿ ಮಾಸ್ತರನ ಮಾತಿಗೆ ಸ್ವಲ್ಪ ತೂಕ ಇರುತ್ತದೆ. ಆ ತೂಕವನ್ನು ನಾನು ಅಂದು ಯೋಚಿಸದೆ ಬಳಸಿದೆ. “ಅರ್ಧಾ ರೊಕ್ಕ ತೊಗೊಂಡು ಮುಗಿಸಿಬಿಡಪಾ” ಎಂದೆ. ಅವನು ಮರುಮಾತಾಡಲಿಲ್ಲ, ಅರ್ಧ ಹಣವನ್ನೂ ಮುಟ್ಟದೆ ಬಸ್ ನಿಲ್ದಾಣದ ಕಡೆಗೆ ನಡೆದ. ಅವನ ಆ ನಡಿಗೆ ಎರಡು ದಿನ ನನ್ನ ಕಣ್ಣ ಮುಂದೆಯೇ ಇತ್ತು.

ಮೂರನೆಯ ದಿನ ಮಾಲಿಕನನ್ನು ಒಂದು ಪ್ರಶ್ನೆ ಕೇಳಿದೆ: “ಮೊದಲ ಚಲೋ ಇತ್ತು ಅಂತೀಯಲ್ಲ, ಅದನ್ನ ಎಲ್ಲಿ ಕೇಳಿದ್ದಿ?” ಇದೇ ಗೋದಾಮಿನಲ್ಲಿ ಎಂದ. “ಆಗ ಉಳಿದ ಪೆಟ್ಟಿಗೆ ಎಲ್ಲಿದ್ದುವು?” ಎಂದೆ. ಅವನು ಸ್ವಲ್ಪ ನೆನಪು ಮಾಡಿಕೊಂಡು, ಅವೆಲ್ಲ ಜಾತ್ರೆಗೆ ಹೋಗಿದ್ದುವೆಂದ. ಈಗಲಾದರೋ ಹಂಗಾಮು ಮುಗಿದು, ಒಂದು ಡಜನ್ ದೊಡ್ಡ ಪೆಟ್ಟಿಗೆಗಳು ಗೋಡೆಯ ಗುಂಟ ಸಾಲಾಗಿ ಬಂದು ಕುಳಿತಿದ್ದವು. ಕೋನು ಹೊಸದಾಗಿತ್ತೆಂಬುದನ್ನು ನಾವಿಬ್ಬರೂ ನೋಡಿದ್ದೆವು. ಕೋಣೆಯೂ ಬದಲಾಗಿತ್ತೆಂಬುದನ್ನು ನೋಡಿರಲಿಲ್ಲ.

ಇನ್ನು ಧ್ವನಿವರ್ಧಕವೆಂದರೆ ಏನೆಂಬುದನ್ನು ಸ್ವಲ್ಪ ನೋಡೋಣ. ಇಂದು ನಮ್ಮ ಮನೆಗಳಲ್ಲಿರುವ ಬಗೆಯ ಧ್ವನಿವರ್ಧಕವನ್ನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬವರು 1925ರಲ್ಲಿ ವಿವರಿಸಿ ಪ್ರಕಟಿಸಿದರು. ಅದರ ರಚನೆ ಸರಳ. ಮುಂದೆ ಕಾಗದದ ಒಂದು ಕೋನು. ಅದರ ಬುಡಕ್ಕೆ ಅಂಟಿಸಿದ ತೆಳುವಾದ ತಂತಿಯ ಸುರುಳಿ. ಆ ಸುರುಳಿಯ ಸುತ್ತ ಬಲವಾದ ಅಯಸ್ಕಾಂತ. ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅಯಸ್ಕಾಂತ ಅದನ್ನು ಹಿಂದೆ ಮುಂದೆ ತಳ್ಳುತ್ತದೆ. ಸುರುಳಿಯೊಡನೆ ಕೋನು ಅಲುಗುತ್ತದೆ, ಕೋನಿನೊಡನೆ ಗಾಳಿ ಅಲುಗುತ್ತದೆ. ಅದೇ ನಾವು ಕೇಳುವ ಧ್ವನಿ.

ಆದರೆ ಈ ವ್ಯವಹಾರ ಒಂದೇ ದಿಕ್ಕಿನದಲ್ಲ. ಕೋನು ಗಾಳಿಯನ್ನು ಅಲುಗಿಸಬಲ್ಲುದಾದರೆ, ಗಾಳಿಯೂ ಕೋನನ್ನು ಅಲುಗಿಸಬಲ್ಲುದು. ಒಂದು ಧ್ವನಿವರ್ಧಕ ನುಡಿಯುತ್ತಿರುವಾಗ ಅದೇ ಕೋಣೆಯಲ್ಲಿ ಸುಮ್ಮನಿರುವ ಇನ್ನೊಂದರ ಕೋನನ್ನು ಬೆರಳಿನ ತುದಿಯಿಂದ ಹಗುರಾಗಿ ಮುಟ್ಟಿ ನೋಡಿರಿ. ಮಂದ್ರ ಧ್ವನಿ ಬಂದಾಗ ಅದು ಬೆರಳಿಗೆ ಥರಗುಟ್ಟುತ್ತದೆ. ವಿದ್ಯುತ್ತು ಇಲ್ಲ, ತಂತಿ ಇಲ್ಲ. ಆದರೂ ಅದು ಸುಮ್ಮನಿಲ್ಲ.

ಈ ಅಲುಗಾಟ ಮಂದ್ರ ಧ್ವನಿಗೇ ಹೆಚ್ಚು ಏಕೆ? ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿಗೆ ತನ್ನದೇ ಒಂದು ಲಯವಿದೆ. ಆ ಲಯಕ್ಕೆ ಸರಿಯಾಗಿ ಒಂದು ಸಣ್ಣ ಹುಡುಗಿ ಮೆಲ್ಲಗೆ ನೂಕಿದರೂ ಅದು ಮರದ ಟೊಂಗೆಯ ಎತ್ತರಕ್ಕೆ ಏರುತ್ತದೆ. ಲಯ ತಪ್ಪಿಸಿ ನಾಲ್ಕು ಗಂಡಾಳು ಸೇರಿ ನೂಕಿದರೂ ಒದ್ದಾಡುತ್ತದೆಯೇ ಹೊರತು ಏರುವುದಿಲ್ಲ. ಧ್ವನಿವರ್ಧಕದ ಕೋನಿಗೂ ಹೀಗೆ ತನ್ನದೇ ಲಯವಿದೆ. ಕೋನಿನ ತೂಕ, ಅದರ ಅಂಚಿನ ಬಿಗಿ, ಪೆಟ್ಟಿಗೆಯೊಳಗೆ ಸಿಕ್ಕಿಕೊಂಡ ಗಾಳಿಯ ಒತ್ತು ಇವು ಸೇರಿ ಅದನ್ನು ನಿರ್ಧರಿಸುತ್ತವೆ. ದೊಡ್ಡ ಧ್ವನಿವರ್ಧಕಗಳಲ್ಲಿ ಅದು ಸಾಮಾನ್ಯವಾಗಿ ಸೆಕೆಂಡಿಗೆ 30ರಿಂದ 100 ಕಂಪನಗಳ ನಡುವೆ ಇರುತ್ತದೆ. ನಮ್ಮ ಕಿವಿ ಕೇಳುವುದು ಸುಮಾರು 20ರಿಂದ 20,000 ಕಂಪನಗಳವರೆಗೆ. ಆದುದರಿಂದ ಕೋನಿನ ಸ್ವಂತ ಲಯ ತೀರ ಕೆಳಗಿನ ಮೆಟ್ಟಿಲಿನಲ್ಲಿದೆ. ಕೊಳಲಿನಂಥ ಎತ್ತರದ ಧ್ವನಿಯನ್ನು ಅನುಸರಿಸಲು ಆ ಭಾರದ ಕೋನಿಗೆ ಆಗುವುದಿಲ್ಲ. ಅಂಥ ಧ್ವನಿಯ ಎದುರಿಗೆ ಅದು ಬರಿಯ ಒಂದು ಹಲಗೆಯಿದ್ದ ಹಾಗೆ.

ತೂಕ ಬದಲಾದರೆ ಲಯ ಬದಲಾಗುತ್ತದೆಂಬುದನ್ನು ನಮ್ಮ ಚರ್ಮವಾದ್ಯಗಳನ್ನು ಮಾಡುವವರು ಬಹಳ ಹಿಂದಿನಿಂದಲೂ ಬಲ್ಲರು. ತಬಲಾದ ಮೇಲೆ ಹಚ್ಚುವ ಕಪ್ಪು ಶಾಯಿ ಅಲಂಕಾರಕ್ಕಾಗಿ ಅಲ್ಲ. ಬರಿಯ ಚರ್ಮದ ಸ್ವರಗಳು ಒಂದಕ್ಕೊಂದು ಹೊಂದದೆ ಗದ್ದಲವಾಗುತ್ತವೆ. ನಡುವೆ ಅಳತೆಯರಿತು ತೂಕ ಕೂಡಿಸಿದರೆ ಅವು ತಂತಿಯ ಸ್ವರಗಳ ಹಾಗೆ ಹೊಂದಿಕೊಳ್ಳುತ್ತವೆ. ಇದನ್ನು ಸಿ. ವಿ. ರಾಮನ್ನರು ಶಿವಕಾಳಿ ಕುಮಾರರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಜಗತ್ತಿಗೆ ತಿಳಿಸಿದರು. ನಮ್ಮ ಗೋದಾಮಿನ ಜಗಳಕ್ಕೂ ಇದು ಸಂಬಂಧಪಟ್ಟ ಮಾತು. ಹೊಸ ಕೋನು ಹಳೆಯದಕ್ಕಿಂತ ಭಾರವಾಗಿದ್ದರೆ ಅಥವಾ ಬಿಗಿಯಾಗಿದ್ದರೆ ಧ್ವನಿ ಬದಲಾಗುವುದು ಸಾಧ್ಯ. ಆದುದರಿಂದ ರಿಪೇರಿಯವನ ಮೇಲೆ ಸಂಶಯ ಬಂದದ್ದು ತಪ್ಪಲ್ಲ; ಸಂಶಯವನ್ನೇ ತೀರ್ಪು ಮಾಡಿದ್ದು ತಪ್ಪು.

ಕೆಲವು ಪೆಟ್ಟಿಗೆಗಳಲ್ಲಿ ಕೋನಿನ ಕೆಳಗೆ ಒಂದು ದುಂಡನೆಯ ರಂಧ್ರ ಇರುವುದನ್ನು ನೀವು ನೋಡಿರಬಹುದು. ಅಂಥ ಪೆಟ್ಟಿಗೆಗೆ ಎರಡು ಬಗೆಯ ಉಸಿರು: ಕೋನಿನದೊಂದು, ರಂಧ್ರದ್ದೊಂದು. ಬರಿಯ ಕೊಡದ ಬಾಯಿಗೆ ತುಟಿ ಹಚ್ಚಿ ಊದಿದರೆ ‘ಹೂಂ’ ಎನ್ನುವುದಲ್ಲವೆ, ಆ ಜಾತಿಯದು ಇದು. ನಮ್ಮ ಕಡೆಯ ಹಳಬರಿಗೆ ಇದಕ್ಕಿಂತ ದೊಡ್ಡ ನಿದರ್ಶನ ಗೊತ್ತಿದೆ. ಜೋಳ ತೆಗೆದು ಬರಿದಾದ ಹಗೇವಿನ ಬಾಯಿಯ ಹತ್ತಿರ ನಿಂತು ಹುಡುಗರು ದಪ್ಪ ದನಿ ತೆಗೆದು ಕೂಗುತ್ತಿದ್ದರು. ಯಾವುದೋ ಒಂದು ಸ್ವರಕ್ಕೆ ಮಾತ್ರ ಒಳಗಿನಿಂದ ಹಗೇವು ಗುಡುಗಿದ ಹಾಗೆ ಓಗೊಡುತ್ತಿತ್ತು. ಚಿಕ್ಕ ಬಾಯಿ, ದೊಡ್ಡ ಹೊಟ್ಟೆ ಇದ್ದ ಎಲ್ಲ ಪಾತ್ರೆಗಳ ಗುಣ ಇದು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ಪಂಡಿತ ಇಂಥ ಪೊಳ್ಳು ಗೋಲಗಳನ್ನು ಬೇರೆ ಬೇರೆ ಅಳತೆಗಳಲ್ಲಿ ಮಾಡಿಸಿ, ಒಂದೊಂದನ್ನೇ ಕಿವಿಗೆ ಹಿಡಿದು, ಒಂದು ನಾದದಲ್ಲಿ ಯಾವ ಯಾವ ಸ್ವರ ಅಡಗಿವೆಯೆಂದು ಬಿಡಿಸಿ ಹೇಳಿದ. ಅವನ ಗ್ರಂಥ ಅಚ್ಚಾದದ್ದು 1863ರಲ್ಲಿ. ಅವನಿಗಿಂತ ಬಹು ಹಿಂದೆ, ಕ್ರಿಸ್ತಪೂರ್ವ ಮೊದಲನೆಯ ಶತಮಾನದಲ್ಲಿ, ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸ್ ನಾಟಕಶಾಲೆಯ ಆಸನಗಳ ಕೆಳಗೆ ಸ್ವರಕ್ಕೆ ಹೊಂದಿಸಿದ ಕಂಚಿನ ಪಾತ್ರೆಗಳನ್ನು ಇಡಬೇಕೆಂದು ಬರೆದಿದ್ದಾನೆ. ಬಾಯಿಲ್ಲದ ಪಾತ್ರೆ ನಟನ ಮಾತಿಗೆ ನೆರವಾಗುವುದೆಂದು ಅವನು ನಂಬಿದ್ದ.

ಈಗ ಮೂಲ ಪ್ರಶ್ನೆಗೆ ಬರೋಣ. ಸುಮ್ಮನಿರುವ ಧ್ವನಿವರ್ಧಕ ಮಂದ್ರವನ್ನು ಹೆಚ್ಚಿಸುತ್ತದೆಯೋ, ಕಡಿಮೆ ಮಾಡುತ್ತದೆಯೋ? ಎರಡೂ ಆಗಬಹುದು. ತನ್ನ ಲಯದ ಸ್ವರ ಬಂದಾಗ ಅದು ಅಲುಗುತ್ತದೆ. ಅಲುಗಲಿಕ್ಕೆ ಬೇಕಾದ ಶಕ್ತಿಯನ್ನು ಕೋಣೆಯ ಧ್ವನಿಯಿಂದಲೇ ತೆಗೆದುಕೊಳ್ಳುತ್ತದೆ. ಅದರಲ್ಲಿ ಕೆಲವು ಭಾಗ ಕಾಗದದಲ್ಲಿ, ಅಂಚಿನ ಬಟ್ಟೆಯಲ್ಲಿ ಶಾಖವಾಗಿ ಕಳೆದುಹೋಗುತ್ತದೆ. ಅಷ್ಟು ಮಂದ್ರ ಕೋಣೆಯಿಂದ ಹೋದಂತೆಯೇ. ಉಳಿದ ಭಾಗವನ್ನು ಅದು ಸ್ವಲ್ಪ ತಡವಾಗಿ ಮರಳಿ ಕೋಣೆಗೆ ಕೊಡುತ್ತದೆ. ಹಾಗೆ ತಡವಾಗಿ ಬಂದದ್ದು ಒಂದು ಸ್ಥಳದಲ್ಲಿ ಮೂಲಧ್ವನಿಗೆ ಎದುರಾಗಿ ಅದನ್ನು ಇಳಿಸುತ್ತದೆ, ಇನ್ನೊಂದು ಸ್ಥಳದಲ್ಲಿ ಕೂಡಿಕೊಂಡು ಏರಿಸುತ್ತದೆ. ಡಗ್ಗಾದ ಪೆಟ್ಟು ನಿಂತ ಮೇಲೆಯೂ ಒಂದು ಕ್ಷಣ ಬಾಲದಂತೆ ಎಳೆದುಕೊಂಡು ಬರುವುದೂ ಉಂಟು. ಒಟ್ಟಿನ ಮೇಲೆ, ಇಂಥ ಪೆಟ್ಟಿಗೆ ಮಂದ್ರದ ಒಂದು ಸಣ್ಣ ತುಣುಕಿನಲ್ಲಿ ಕೈ ಹಾಕುತ್ತದೆ; ಉಳಿದುದನ್ನು ಅದರ ಪಾಡಿಗೆ ಬಿಡುತ್ತದೆ.

ಇಲ್ಲಿ ಒಂದು ಸ್ವಾರಸ್ಯವಾದ ಸಂಗತಿಯಿದೆ, ನೀವು ಮನೆಯಲ್ಲಿಯೇ ಪರೀಕ್ಷಿಸಬಹುದಾದದ್ದು. ಯಾವ ಯಂತ್ರಕ್ಕೂ ಜೋಡಿಸದ ಒಂದು ದೊಡ್ಡ ಧ್ವನಿವರ್ಧಕವನ್ನು ತೆಗೆದುಕೊಂಡು ಅದರ ಕೋನಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿರಿ. ‘ಧುಂ’ ಎಂದು ಸ್ವಲ್ಪ ಎಳೆದು ನುಡಿಯುತ್ತದೆ. ಈಗ ಅದರ ಹಿಂದಿರುವ, ತಂತಿ ಸಿಕ್ಕಿಸುವ ಎರಡು ಕೊಂಡಿಗಳನ್ನು ಒಂದು ತುಂಡು ತಂತಿಯಿಂದ ಒಂದಕ್ಕೊಂದು ಕೂಡಿಸಿ ಮತ್ತೆ ತಟ್ಟಿರಿ. ‘ಟಪ್’ ಎಂದು ನಿಂತುಬಿಡುತ್ತದೆ. ಕೋನು ಅದೇ, ಬೆರಳು ಅದೇ. ಬಂದದ್ದು ಒಂದು ಗೇಣು ತಂತಿ ಮಾತ್ರ. ಇದರ ಕಾರಣ ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ ತತ್ತ್ವದಲ್ಲಿದೆ. ಅಯಸ್ಕಾಂತದ ನಡುವೆ ಸುರುಳಿ ಅಲುಗಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ತಂತಿಯಿಂದ ದಾರಿ ಮಾಡಿಕೊಟ್ಟರೆ ಆ ವಿದ್ಯುತ್ತು ಹರಿಯುತ್ತದೆ. ಹಾಗೆ ಹರಿದದ್ದು ತನ್ನನ್ನು ಹುಟ್ಟಿಸಿದ ಅಲುಗಾಟವನ್ನೇ ತಡೆಯುತ್ತದೆ. ಚಕ್ಕಡಿಯ ಗಾಲಿಗೆ ಬಿರಿ ಹಾಕಿದ ಹಾಗೆ. ದಾರಿ ಇಲ್ಲದಿದ್ದರೆ ವಿದ್ಯುತ್ತು ಹರಿಯುವುದಿಲ್ಲ, ಬಿರಿ ಬೀಳುವುದಿಲ್ಲ, ಕೋನು ಮನಸ್ಸಿಗೆ ಬಂದಂತೆ ಅಲುಗುತ್ತದೆ.

ಒಂದು ಎಚ್ಚರಿಕೆಯ ಮಾತು. ಆಂಪ್ಲಿಫೈಯರಿಗೆ ಜೋಡಿಸಿದ ಧ್ವನಿವರ್ಧಕದ ಕೊಂಡಿಗಳನ್ನು ಎಂದಿಗೂ ಹೀಗೆ ಕೂಡಿಸಬಾರದು, ಯಂತ್ರವೇ ಸುಟ್ಟುಹೋದೀತು. ಪೂರ್ತಿಯಾಗಿ ಬಿಡಿಸಿಟ್ಟ ಧ್ವನಿವರ್ಧಕಕ್ಕೆ ಮಾತ್ರ ಈ ಪರೀಕ್ಷೆ.

ನಮ್ಮ ಗೋದಾಮಿನ ಒಗಟನ್ನು ಬಿಡಿಸಲು ಈ ಗೇಣುದ್ದದ ತಂತಿಯೇ ಸಾಧನವಾಯಿತು. ಡಜನ್ ಪೆಟ್ಟಿಗೆಗಳನ್ನು ಹೊತ್ತು ಹೊರಗಿಟ್ಟು ಕೇಳಿ, ಮತ್ತೆ ಒಳಗಿಟ್ಟು ಕೇಳುವಷ್ಟರಲ್ಲಿ ಮೊದಲು ಕೇಳಿದ್ದೇ ಮರೆತುಹೋಗುತ್ತದೆ. ಕಿವಿಯ ನೆನಪು ಬಹಳ ಸಣ್ಣದು. ತಂತಿಯಾದರೆ ಬೇಗ ಹಚ್ಚಬಹುದು, ಬೇಗ ತೆಗೆಯಬಹುದು. ನಾನು ರಿಪೇರಿಯವನಿಗೆ ಫೋನು ಮಾಡಿ, ಬಂದು ಹೋಗಬೇಕೆಂದು ಕೇಳಿಕೊಂಡೆ. ಬರುವನೋ ಇಲ್ಲವೋ ಎಂಬ ಶಂಕೆಯಿತ್ತು. ಬಂದ.

ಅವನನ್ನೂ ಮಾಲಿಕನನ್ನೂ ಗೋಡೆಯ ಕಡೆಗೆ ಮುಖ ಮಾಡಿಸಿ ಎರಡು ಕುರ್ಚಿಗಳ ಮೇಲೆ ಕೂಡಿಸಿದೆ. ಹಿಂದೆ ನನ್ನ ಹತ್ತನೆಯ ಇಯತ್ತೆಯ ನಾಲ್ವರು ಹುಡುಗರು. ಅವರು ಕೆಲವು ಸಲ ಎಲ್ಲ ಪೆಟ್ಟಿಗೆಗಳಿಗೂ ತಂತಿ ಹಚ್ಚುವರು, ಕೆಲವು ಸಲ ತೆಗೆಯುವರು, ಕೆಲವು ಸಲ ಸುಮ್ಮನೆ ತಂತಿಯ ಸಪ್ಪಳ ಮಾಡಿ ಏನನ್ನೂ ಬದಲಿಸದೆ ಬಿಡುವರು. ಏನು ಮಾಡಿದರೆಂಬುದನ್ನು ಒಬ್ಬ ವಹಿಯಲ್ಲಿ ಬರೆದಿಡುವನು. ಪ್ರತಿಸಲವೂ ಅದೇ ಡಗ್ಗಾದ ಧ್ವನಿ, ಅದೇ ಎತ್ತರದಲ್ಲಿ. ಕುರ್ಚಿಯಲ್ಲಿದ್ದ ಇಬ್ಬರೂ ಮಾತಾಡದೆ, ಧ್ವನಿ ತುಂಬಿದೆಯೋ ಇಳಿದಿದೆಯೋ ಎಂದು ತಮ್ಮ ತಮ್ಮ ಚೀಟಿಯಲ್ಲಿ ಬರೆಯಬೇಕು. ಪರೀಕ್ಷೆಯ ಮೇಲ್ವಿಚಾರಣೆ ಮಾಡಿ ಮಾಡಿ ಕಲಿತ ವಿದ್ಯೆ ನನಗೆ ಇಲ್ಲಿ ಉಪಯೋಗಕ್ಕೆ ಬಂತು.

ಚೀಟಿಗಳನ್ನೂ ವಹಿಯನ್ನೂ ಕೂಡಿಸಿ ನೋಡಿದೆವು. ಡಗ್ಗಾದ ಆಳವಾದ ಸ್ವರದ ಮಟ್ಟಿಗೆ ಇಬ್ಬರೂ ಬಹುಪಾಲು ಸರಿಯಾಗಿಯೇ ಗುರುತಿಸಿದ್ದರು. ಪೆಟ್ಟಿಗೆಗಳಿಗೆ ತಂತಿಯ ಬಿರಿ ಹಾಕಿದಾಗ ಸ್ವರ ತುಂಬಿ ಬರುತ್ತಿತ್ತು, ತೆಗೆದಾಗ ಇಳಿಯುತ್ತಿತ್ತು. ಆದರೆ ವಚನಗಾಯನವನ್ನು ಹಚ್ಚಿ ಇದೇ ಪರೀಕ್ಷೆ ಮಾಡಿದಾಗ ಇಬ್ಬರಿಗೂ ಏನೂ ಗೊತ್ತಾಗಲಿಲ್ಲ. ಚೀಟಿಗಳು ಅಂದಾಜಿನ ಆಟವಾದವು. ಹಾಡುವ ಗಂಟಲಿನ ಸ್ವರ ಆ ಕೋನುಗಳ ಲಯಕ್ಕಿಂತ ಬಹಳ ಮೇಲೆ ಇದ್ದುದರಿಂದ ಅವು ಅದರ ಗೊಡವೆಗೆ ಹೋಗಲಿಲ್ಲ.

ಇನ್ನೊಂದು ಸಂಗತಿಯೂ ಅಂದು ಬಯಲಾಯಿತು, ಅದನ್ನು ಹೇಳದಿದ್ದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಮಾಲಿಕ ಕುಳಿತ ಕುರ್ಚಿಯನ್ನು ಕೋಣೆಯ ನಡುವಿನಿಂದ ಗೋಡೆಯ ಹತ್ತಿರಕ್ಕೆ ಸರಿಸಿದಾಗ ಆದ ಬದಲಾವಣೆ, ಡಜನ್ ಪೆಟ್ಟಿಗೆಗಳಿಂದ ಆದದ್ದಕ್ಕಿಂತ ದೊಡ್ಡದಾಗಿತ್ತು. ಇದಕ್ಕೂ ಲೆಕ್ಕವಿದೆ. ಶಬ್ದ ನಮ್ಮ ಹವೆಯಲ್ಲಿ ಸೆಕೆಂಡಿಗೆ ಸುಮಾರು 1,130 ಅಡಿ ಓಡುತ್ತದೆ. ಸೆಕೆಂಡಿಗೆ 40 ಕಂಪನಗಳ ಮಂದ್ರಸ್ವರದ ಒಂದು ಅಲೆಯ ಉದ್ದ ಸುಮಾರು 28 ಅಡಿ. ಅರ್ಧ ಅಲೆಯೆಂದರೆ 14 ಅಡಿ. 14 ಅಡಿ ಉದ್ದದ ಕೋಣೆಯಲ್ಲಿ ಈ ಸ್ವರ ಎರಡು ಗೋಡೆಗಳ ನಡುವೆ ಸರಿಯಾಗಿ ಹಿಡಿದು ಕುಳಿತುಬಿಡುತ್ತದೆ. ಗೋಡೆಯ ಬಳಿ ಕಿವಿಯಿಟ್ಟವನಿಗೆ ಅದು ಗುಡುಗು. ಸರಿಯಾಗಿ ನಡುವೆ ಕುಳಿತವನಿಗೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ಒಂದೇ ಹಾಡು, ಒಂದೇ ಯಂತ್ರ. ಕೇಳುವವನು ನಾಲ್ಕು ಹೆಜ್ಜೆ ಸರಿದರೆ ಬೇರೆ. ವಿಜಯಪುರದ ಗೋಳಗುಮ್ಮಟದಲ್ಲಿ ಕೂಗಿದ ಒಂದು ಮಾತು ಹಲವು ಸಲ ಮರಳಿ ಬರುವುದನ್ನು ಕೇಳಿದವರಿಗೆ, ಕಟ್ಟಡವೂ ಒಂದು ವಾದ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ಸುಮ್ಮನಿರುವ ಧ್ವನಿವರ್ಧಕದ ಪ್ರಭಾವವನ್ನು ಅಲ್ಲಗಳೆಯಬಾರದು, ಉಬ್ಬಿಸಲೂಬಾರದು. ಸ್ಕಾಟ್‌ಲೆಂಡಿನ ಗ್ಲಾಸ್ಗೋದಲ್ಲಿ 1973ರಲ್ಲಿ ಲಿನ್ ಎಂಬ ಕಂಪನಿಯನ್ನು ಕಟ್ಟಿದ ಐವರ್ ಟೀಫೆನ್‌ಬ್ರನ್, ಗಿರಾಕಿಗಳಿಗೆ ಧ್ವನಿ ಕೇಳಿಸುವ ಕೋಣೆಯಲ್ಲಿ ಒಂದೇ ಜೋಡಿ ಧ್ವನಿವರ್ಧಕ ಇರಬೇಕೆಂದು ಹಟ ಹಿಡಿದಿದ್ದ. ಗೋಡೆಯ ತುಂಬ ಸಾಲುಸಾಲಾಗಿ ಪೆಟ್ಟಿಗೆ ಜೋಡಿಸಿದ ಅಂಗಡಿಯ ಮಟ್ಟಿಗೆ ಆ ಹಟದಲ್ಲಿ ನ್ಯಾಯವಿದೆ. ಮನೆಯ ಮೂಲೆಯಲ್ಲಿರುವ ಒಂದು ಸಣ್ಣ ರೇಡಿಯೊ ಅಷ್ಟು ಕೆಡುಕು ಮಾಡಲಾರದು. ಎಷ್ಟು ಪೆಟ್ಟಿಗೆ, ಎಷ್ಟು ದೊಡ್ಡವು, ಕೋಣೆ ಎಷ್ಟು ಚಿಕ್ಕದು, ಮೂಲೆಯಲ್ಲಿವೆಯೋ ನಡುವೆ ಇವೆಯೋ ಇವುಗಳ ಮೇಲೆ ಎಲ್ಲವೂ ನಿಂತಿದೆ.

ಇದೇ ಗುಣವನ್ನು ಬೇಕೆಂದೇ ಉಪಯೋಗಿಸಿಕೊಂಡವರೂ ಇದ್ದಾರೆ. ಅಮೆರಿಕದ ಹ್ಯಾರಿ ಓಲ್ಸನ್ 1930ರ ದಶಕದಲ್ಲಿಯೇ, ಸುರುಳಿ ಅಯಸ್ಕಾಂತ ಒಂದೂ ಇಲ್ಲದ ಬರಿಯ ಕೋನೊಂದನ್ನು ನಿಜವಾದ ಧ್ವನಿವರ್ಧಕದ ಪೆಟ್ಟಿಗೆಯಲ್ಲಿಯೇ ಕೂಡಿಸಿ ಮಂದ್ರವನ್ನು ಹೆಚ್ಚಿಸುವ ಉಪಾಯ ಮಾಡಿದ. ಈಗ ಹುಡುಗರ ಕೈಯಲ್ಲಿರುವ ಬ್ಲೂಟೂತ್ ಡಬ್ಬಿಗಳನ್ನು ನೋಡಿರಿ. ಹಲವಕ್ಕೆ ಎರಡು ತುದಿಗಳಲ್ಲಿ ಥರಥರ ಅಲುಗುವ ದುಂಡನೆಯ ಬಿಲ್ಲೆಗಳಿರುತ್ತವೆ. ಅವುಗಳಿಗೆ ತಂತಿಯೇ ಇಲ್ಲ. ಡಬ್ಬಿಯೊಳಗಿನ ಗಾಳಿ ನೂಕಿದಂತೆ ಅಲುಗಿ, ಅಂಗೈಯಷ್ಟು ಡಬ್ಬಿಗೆ ಗಂಡುದನಿ ಕೊಡುತ್ತವೆ. ಧ್ವನಿಮುದ್ರಣದ ಕೋಣೆಗಳಲ್ಲಿ ಗೋಡೆಗಿಂತ ಸ್ವಲ್ಪ ಮುಂದೆ ತೆಳುವಾದ ಹಲಗೆ ಹೊಡೆದು ಹಿಂದೆ ಗಾಳಿಗೆ ತೆರಪು ಬಿಡುವುದುಂಟು. ಅದೂ ಹೀಗೆಯೇ ಅಲುಗಿ, ಬೇಡವಾದ ಮಂದ್ರವನ್ನು ಹೀರಿಕೊಳ್ಳುತ್ತದೆ. ಇಟ್ಟವನು ಅರಿತು ಇಟ್ಟರೆ ಉಪಕಾರ, ಅರಿಯದೆ ಇಟ್ಟರೆ ಉಪದ್ರವ.

ಮನೆಯವರು ಮಾಡಬೇಕಾದದ್ದು ಇಷ್ಟೆ. ಹಾಡಿನಲ್ಲಿ ಮಂದ್ರ ಸರಿಯಿಲ್ಲವೆನಿಸಿದರೆ ಯಂತ್ರವನ್ನು ಬಯ್ಯುವ ಮೊದಲು ನೀವು ಕುಳಿತ ಸ್ಥಳವನ್ನು ಬದಲಿಸಿ ಕೇಳಿರಿ. ಆ ಮೇಲೆ ಧ್ವನಿವರ್ಧಕವನ್ನು ಮೂಲೆಯಿಂದ ಒಂದೆರಡು ಅಡಿ ಸರಿಸಿ ಕೇಳಿರಿ. ಕಪಾಟಿನ ಗಾಜು, ಮಾಡಿನ ಮೇಲಿನ ಹಿತ್ತಾಳೆಯ ಪಾತ್ರೆ, ಗೂಟಕ್ಕೆ ತೂಗುಹಾಕಿದ ಢೋಲಕಿ ಇವು ಜಿಣಿಜಿಣಿ ಎನ್ನುತ್ತವೆಯೋ ಏನೆಂದು ಕೈಯಿಟ್ಟು ನೋಡಿರಿ. ಇಷ್ಟಾದ ಮೇಲೂ ದೊಡ್ಡ ಹಳೆಯ ಪೆಟ್ಟಿಗೆಗಳು ಅದೇ ಕೋಣೆಯಲ್ಲಿ ಬಿಡಿಯಾಗಿ ಬಿದ್ದಿದ್ದರೆ ಅವುಗಳನ್ನು ಬೇರೆ ಕೋಣೆಗೆ ಒಯ್ಯಿರಿ. ಸ್ಥಳವಿಲ್ಲದಿದ್ದರೆ ನಾನು ಹೇಳಿದ ತಂತಿಯ ಬಿರಿ ಹಾಕಿರಿ. ಒಂದು ಕಾಸಿನ ಖರ್ಚಿಲ್ಲ.

ಹೀಗೆ ಒಂದರ ನುಡಿಗೆ ಇನ್ನೊಂದು ಓಗೊಡುವುದಕ್ಕೆ ಭೌತಶಾಸ್ತ್ರದ ಪುಸ್ತಕದಲ್ಲಿ ಅನುರಣನವೆಂಬ ಹೆಸರಿದೆ. ಆ ಶಬ್ದ ಕಾವ್ಯ ಓದಿದವರಿಗೆ ಹೊಸದಲ್ಲ. 9ನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ‘ಧ್ವನ್ಯಾಲೋಕ’ ಬರೆದ. ಮಾತಿನ ನೇರ ಅರ್ಥ ತಿಳಿದ ಮೇಲೆ ಅದರ ಬೆನ್ನ ಹಿಂದೆ ಮೆಲ್ಲನೆ ತೋರುವ ಇನ್ನೊಂದು ಅರ್ಥವನ್ನು ಅವನ ಪರಂಪರೆಯ ಆಲಂಕಾರಿಕರು ಅನುರಣನವೆಂದೇ ಕರೆದರು. ಗಂಟೆ ಹೊಡೆದ ಮೇಲೆ ಉಳಿಯುವ ನಾದದಂತೆ ಅದು. ಈ ಪಾಠವನ್ನು ಮಕ್ಕಳಿಗೆ ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. “ಇಲ್ಲಿ ಬಂದ ಮ್ಯಾಲ ಏನಾತೋ ತಿಳೀವಲ್ದು” ಎಂದು ರಿಪೇರಿಯವನು ಮೊದಲ ದಿನ ಹೇಳಿದ್ದನಲ್ಲವೆ, ಉತ್ತರವೆಲ್ಲ ಆ ಒಂದು ಮಾತಿನಲ್ಲಿಯೇ ಇತ್ತು. ಅಲಂಕಾರಶಾಸ್ತ್ರ ಕಲಿಸುವ ನಾನು ಅದನ್ನು ಬರಿಯ ನೆಪವೆಂದು ತಿಳಿದೆ.

ಪರೀಕ್ಷೆ ಮುಗಿದ ಮೇಲೆ ಮಾಲಿಕ ಪೂರ್ತಿ ಹಣ ಎಣಿಸಿ ಕೊಟ್ಟ. ನಾನು, “ನನ್ನಿಂದ ತಪ್ಪಾತು” ಎಂದೆ. ರಿಪೇರಿಯವನು ಹಣವನ್ನು ಕಿಸೆಗೆ ಸೇರಿಸುತ್ತ, “ಇರಲಿ ಬಿಡ್ರಿ ಮಾಸ್ತರ, ಬಸ್ಸಿನ ಹೊತ್ತಾತು” ಎಂದಷ್ಟೇ ಹೇಳಿ ಹೊರಟ. ಅವನ ಮನಸ್ಸಿನ ನೋವು ಅಷ್ಟಕ್ಕೇ ಹೋಯಿತೆಂದು ನಾನು ಹೇಳಲಾರೆ. ಆದರೆ ಅವನ ಅಂಗಡಿಗೆ ಈಗ ಯಾರಾದರೂ ಧ್ವನಿ ಸರಿಯಿಲ್ಲವೆಂದು ದೂರು ತಂದರೆ ಅವನು ಮೊದಲು ತಿರುಪುಳಿ ಕೈಗೆ ತೆಗೆದುಕೊಳ್ಳುವುದಿಲ್ಲವಂತೆ. “ಎಲ್ಲಿಟ್ಟು ಕೇಳೀರಿ? ಅಲ್ಲಿ ಮತ್ತೇನೇನು ಇತ್ತು?” ಎಂದು ಕೇಳುತ್ತಾನಂತೆ.